ಮ್ಯಾಲಿಂದ ಕೆಳಗ

ಆಕಾಶದಲ್ಲಿ ಬೆಳಕು ಕಂಡವರು ಸಾಕ್ಷಿ ಪೆಟ್ಟಿಗೆಗೆ ಹೇಳಲೇಬೇಕು ಎಂಬ ಕಾಯಿದೆ ಬಂದಾಗ ನನ್ನ ರಟ್ಟೆಯಲ್ಲಿ ಇನ್ನೂ ಕಸುವಿತ್ತು, ಹೊಳೆ ದಾಟಿಸುವ ಕೆಲಸ ಮಗನ ಕೈಗೆ ಹೋಗಿರಲಿಲ್ಲ. ಅದಕ್ಕಿಂತ ಮುಂಚೆ ಬೆಳಕು ಕಂಡರೆ ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಚುಕ್ಕಿ ಉದುರಿದ್ದು ಕಣ್ಣಿಗೆ ಬಿದ್ದರೆ ನಮ್ಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಸುಮ್ಮನೆ ಒಳಗೆ ಹೋಗುತ್ತಿದ್ದಳು. ಆಗಿನ ಚುಕ್ಕಿಗಳೂ ಹಾಗೇ ಇದ್ದವು. ಪಕ್ಕದವನಿಗೆ ನೋಡು ಅನ್ನುವಷ್ಟರಲ್ಲಿ ಇರುತ್ತಿರಲಿಲ್ಲ.

ಈಗಿನವು ಹಾಗಲ್ಲ. ಇವು ಚುಕ್ಕಿಗಳೇ ಅಲ್ಲ, ಜನ ಮೇಲೆ ಕಳಿಸಿದ ಸಾಮಾನು. ಫೋನಿಗೊಂದು, ಮಳೆ ನೋಡಲಿಕ್ಕೊಂದು, ಹೊಲ ಅಳೆಯಲಿಕ್ಕೊಂದು ಎಂದು ಕಳಿಸುತ್ತ ಕಳಿಸುತ್ತ ಅಲ್ಲಿ ಉಪಗ್ರಹಗಳ ಸಂತೆಯೇ ನೆರೆದಿದೆ. ಒಂದೊಂದಕ್ಕೂ ಆಯುಷ್ಯವಿದೆ. ಅದು ತೀರಿದ ಮೇಲೆ ಸುತ್ತು ಸಣ್ಣದಾಗುತ್ತ ಬಂದು, ಗಾಳಿಗೆ ತಾಗಿ, ಹತ್ತಿ ಉರಿಯುತ್ತವೆ. ಉರಿಯುತ್ತ ಸಾವಕಾಶ ಹೋಗುತ್ತವೆ. ಬೀಡಿ ಹುಡುಕಿ ಹಚ್ಚಿಕೊಳ್ಳುವಷ್ಟು ಹೊತ್ತು ಕಾಣುತ್ತವೆ. ಹೋಗುತ್ತ ಹೋಗುತ್ತ ತುಂಡಾಗಿ, ತುಂಡುಗಳು ಒಂದರ ಹಿಂದೊಂದು ಸಾಲು ಹಿಡಿಯುತ್ತವೆ.

ಬಹುಪಾಲು ಅಲ್ಲೇ ಬೂದಿಯಾಗುತ್ತದೆ. ಬೂದಿಯಾಗದ್ದು ಒಂದೇ. ಹಳೆಯ ಉಪಗ್ರಹಗಳ ಹೊಟ್ಟೆಯಲ್ಲಿ ಎಣ್ಣೆ ತುಂಬುವ ಗುಂಡನೆಯ ಲೋಹದ ಪಾತ್ರೆ ಇರುತ್ತದೆ. ನಾವು ಅದಕ್ಕೆ ಗಡಿಗಿ ಅನ್ನುತ್ತೇವೆ. ಅದು ಇದ್ದ ಹಾಗೇ ಬಂದು ಬೀಳುತ್ತದೆ, ಒಳಗೆ ಉಳಿದ ಎಣ್ಣೆ ವಿಷ. ಯಾವುದೋ ಊರಿನ ಸುತ್ತ ಗಡಿಗಿ ಬಿದ್ದಿದೆಯೆಂದು ಊರನ್ನೇ ಮುಚ್ಚಿದ್ದರಂತೆ. ಒಳಗೆ ಕೂತು ಬೇಸತ್ತ ಜನ, ನಾವು ನೋಡಿದ್ದು ತಪ್ಪು, ಅದು ಬೇರೆ ಕಡೆ ಹೋಯಿತು ಎಂದು ಮಾತು ಬದಲಿಸಿ ಊರು ತೆರೆಸಿಕೊಂಡರು. ಮಾರನೆಯ ದಿನ ಕುರಿ ಕಾಯುವವನೊಬ್ಬ ಅಲ್ಲೇ ಬೇಲಿಯಲ್ಲಿ ಆ ಗಡಿಗಿಯನ್ನು ಕಂಡು, ಚೆಂದ ಇದೆಯೆಂದು ಹೆಗಲಿಗೆ ಏರಿಸಿಕೊಂಡು ಹೊರಟ. ಮನೆ ಮುಟ್ಟಲಿಲ್ಲ. ಅಂದಿನಿಂದ ಒಂದು ನಿಯಮ ಬಂತು. ಮುಚ್ಚಿದ ಊರಿನೊಳಗಿನವರು ಮಾತು ಬದಲಿಸಿದರೆ ಆ ಮಾತಿಗೆ ಬೆಲೆ ಇಲ್ಲ.

ಇದನ್ನೆಲ್ಲ ನೋಡಿಕೊಳ್ಳುವುದು ಪತನ ಕೇಂದ್ರ. ನಮ್ಮ ಜನ ಬೀಳೂ ಆಫೀಸು ಅನ್ನುತ್ತಾರೆ. ಅವರ ಯಂತ್ರಗಳು ಉಪಗ್ರಹ ಉರಿ ಹತ್ತುವವರೆಗೆ ಚೆನ್ನಾಗಿ ನೋಡುತ್ತವೆಯಂತೆ. ಉರಿ ಹತ್ತಿ, ಒಡೆದು, ಗಾಳಿಗೆ ಸಿಕ್ಕ ಮೇಲೆ ಲೆಕ್ಕ ತಪ್ಪುತ್ತದೆ. ಅಲ್ಲಿಂದ ಮುಂದಕ್ಕೆ ಮನುಷ್ಯರ ಕಣ್ಣೇ ಬೇಕು. ಅದಕ್ಕೇ ಊರೂರಿಗೆ ಕಂಬ ನೆಟ್ಟು ಸಾಕ್ಷಿ ಪೆಟ್ಟಿಗೆ ಕೂರಿಸಿದ್ದಾರೆ. ಬೆಳಕು ಎಷ್ಟು ಹೊತ್ತು ಕಂಡಿತು, ಯಾವ ಬಣ್ಣ, ತುಂಡಾಯಿತೇ, ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಅದು ಕೇಳುತ್ತದೆ. ಮೊದಲಿನ ಮಾತುಗಳಿಂದ ಬಂದದ್ದು ಉಲ್ಕೆಯೋ, ವಿಮಾನವೋ, ಉಪಗ್ರಹವೋ ಎಂದು ಗುರುತು ಹಿಡಿಯುತ್ತದೆ. ಕಡೆಯ ಮಾತಿನಿಂದ ಗಡಿಗಿ ಎಲ್ಲಿ ಬಿತ್ತು ಎಂದು ಗೆರೆ ಎಳೆಯುತ್ತದೆ.

ನಮ್ಮದು ಸಜ್ಜಿಗಡ್ಡಿ. ಕೃಷ್ಣೆಯ ನಡುವಿನ ಗಡ್ಡೆ, ಬೆರಳೆಣಿಕೆಯ ಮನೆಗಳು, ಎಲ್ಲ ಅಂಬಿಗರು. ಸೇತುವೆ ಇಲ್ಲ. ಹರಿಗೋಲುಗಳನ್ನು ದಂಡೆಯಲ್ಲಿ ಸರಪಳಿಗೆ ಕಟ್ಟುತ್ತೇವೆ, ಆ ಸರಪಳಿಯ ಕೀಲಿ ಕೇಂದ್ರದವರ ಕೈಯಲ್ಲಿದೆ. ನೀರಿಗೆ ಇಳಿಯಬಹುದು ಎಂದಾಗ ತಾನಾಗಿ ಬಿಚ್ಚುತ್ತದೆ, ಬೇಡ ಎಂದಾಗ ಬಿಚ್ಚುವುದಿಲ್ಲ.

ಆ ದಿನ ಸೊಸೆ ಹುಲಿಗೆಮ್ಮ ಹಲ್ಲು ಕೀಳಿಸಿಕೊಳ್ಳಲು ನೀರಲದಿನ್ನಿಗೆ ಹೋದಳು. ನೀರಲದಿನ್ನಿ ನಮಗೆ ಹತ್ತಿರದ ಪೇಟೆ, ಆಚೆ ದಂಡೆಯಲ್ಲಿದೆ. ಮಗ ಅಮರಪ್ಪ ಹರಿಗೋಲಿನಲ್ಲಿ ಕರೆದುಕೊಂಡು ಹೋದ. ಕೂಸಿಗೆ ಮೂಗು ಕಟ್ಟಿತ್ತು. ಹೊಳೆಗಾಳಿ ಬೇಡವೆಂದು, ಹಾಲು ಕುಡಿಸಿ ನಮ್ಮ ಹತ್ತಿರ ಬಿಟ್ಟಳು.

"ಎತ್ತಿಕೊಂಡು ತಿರುಗಾಡ್ರಿ ಮಾವಾ, ಸುಮ್ನಿರ್ತೈತಿ. ಹಸದು ಅಳೂದ್ರಾಗ ಬಂದಿರ್ತೀನಿ" ಎಂದಳು, ಕೆನ್ನೆ ಹಿಡಿದುಕೊಂಡೇ.

"ಬಾಯಿಗೆ ಹತ್ತಿ ಅರಳಿ ತುರಕಿ ಕಳಿಸ್ತಾರಂತ. ಎರಡು ದಿನ ನಮ್ಮ ಕಿವಿಗೂ ಆರಾಮ" ಎಂದಳು ನನ್ನ ಹೆಂಡತಿ ತಾಯಮ್ಮ.

ಹುಲಿಗೆಮ್ಮ ನಗಲು ಹೋಗಿ, ನೋವಾಗಿ, ಅತ್ತೆಯನ್ನು ಕಣ್ಣಲ್ಲೇ ಗದರಿಸಿ ಹರಿಗೋಲು ಹತ್ತಿದಳು.

ಹಲ್ಲಿನ ಡಾಕ್ಟರು ತಡ ಮಾಡಿ ಬಂದರಂತೆ. ಹೊತ್ತು ಮುಳುಗುವಾಗಲೂ ಇವರು ಬಂದಿರಲಿಲ್ಲ. ಕೂಸನ್ನು ಹೆಗಲಿಗೆ ಹಾಕಿಕೊಂಡು ನಾನು ಅಂಗಳದಲ್ಲಿ ತಿರುಗುತ್ತಿದ್ದೆ. ಯರಗುಂಟಿ ಊರಿನ ಕಡೆ ಆಕಾಶ ಬೆಳಗಿತು. ಅರಿಶಿನ ಬಣ್ಣ, ಅಂಚಿಗೆ ಕೆಂಪು. ಮುಂದೆ ದೊಡ್ಡದೊಂದು, ಹಿಂದೆ ಸಣ್ಣ ಸಣ್ಣವು. ನಮ್ಮ ತಲೆಯ ಮೇಲೆ ಸಪ್ಪಳವಿಲ್ಲದೆ ಹಾದು ನೀರಲದಿನ್ನಿಯ ಕಡೆ ಮರೆಯಾದವು. ಎಷ್ಟೋ ಹೊತ್ತಿನ ಮೇಲೆ ದೂರದಲ್ಲಿ ಗುಡುಗಿದ ಹಾಗೆ ಕೇಳಿತು.

"ಮದುವಿ ದಿಬ್ಬಣ ಹೊಂಟಂಗಿತ್ತು ನೋಡು ಕಾಕಾ" ಎಂದ ಪಕ್ಕದ ಮನೆಯ ಗದ್ದೆಪ್ಪ. "ನಮ್ಮನ್ನ ಕರದಿಲ್ಲ ಅಷ್ಟ."

ಎಲ್ಲರೂ ಪೆಟ್ಟಿಗೆಯ ಮುಂದೆ ನಿಂತೆವು. ಕಾಯಿದೆಗೆ ಅಂಜಿ ಅಲ್ಲ, ಕಂಡದ್ದನ್ನು ಹೇಳುವ ಹುರುಪಿಗೆ. ಮೊದಲು ಗದ್ದೆಪ್ಪ ಹೇಳಿದ. ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಪೆಟ್ಟಿಗೆ ಕೇಳಿತು.

"ಮ್ಯಾಲಿಂದ ಬಂತು, ಕೆಳಗ ಹೋತು, ಮರಿ ಆತು."

"ಮೇಲಿನಿಂದ ಬಂದು ಕೆಳಗೆ ಹೋಗಿ ಮರೆಯಾಯಿತು. ಸರಿಯೇ?"

"ಸರಿ."

ನಾನೂ ಅದನ್ನೇ ಹೇಳಿದೆ. ತಾಯಮ್ಮನೂ ಹೇಳಿದಳು. ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇರಲಿಲ್ಲ. ಮನೆಗೆ ಹೊರಳುವಾಗ ದಂಡೆಯಲ್ಲಿ ಸರಪಳಿಗಳು ಒಂದೊಂದಾಗಿ ಖಟ್ ಖಟ್ ಎಂದು ಬಿಗಿದುಕೊಂಡವು. ಪೆಟ್ಟಿಗೆ ಕೆಂಪಾಯಿತು. ಸಜ್ಜಿಗಡ್ಡಿಯ ಸುತ್ತಲಿನ ನೀರಿನಲ್ಲಿ ಗಡಿಗಿ ಬಿದ್ದಿದೆ, ಅದು ಸಿಗುವವರೆಗೆ ಯಾರೂ ಗಡ್ಡೆಗೆ ಬರುವಂತಿಲ್ಲ, ಗಡ್ಡೆಯಿಂದ ಹೋಗುವಂತಿಲ್ಲ ಎಂದು ಹೇಳಿತು.

"ನೀರಾಗ ಬಿದ್ದಿದ್ರ ಸಪ್ಪಳಾ ಆಗಬೇಕಿತ್ತಲ್ಲ" ಎಂದಳು ತಾಯಮ್ಮ.

"ಅವರಿಗೆ ಮಷೀನ ಅದಾವು. ಕಂಡಿರ್ತೈತಿ" ಎಂದೆ. ಆಗ ನಾನು ನಂಬಿದ್ದೆ.

ಕೂಸು ಅಳತೊಡಗಿತ್ತು.

ಗಡ್ಡೆಯಲ್ಲಿ ಮೊಲೆಯುಣಿಸುವ ಹೆಂಗಸು ಇನ್ನೊಬ್ಬಳಿರಲಿಲ್ಲ. ತಾಯಮ್ಮ ಆಡಿನ ಹಾಲಿಗೆ ನೀರು ಬೆರೆಸಿ ಕಾಸಿ ಒಳಲೆಯಲ್ಲಿ ಬಾಯಿಗೆ ಹಾಕಿದಳು. ಕೂಸು ನಾಲಿಗೆಯಿಂದ ಹೊರಗೆ ನೂಕಿತು. ಬಟ್ಟೆ ಅದ್ದಿ ಬಾಯಿಗಿಟ್ಟಳು, ಚೀಪಿ ನೋಡಿ ಮುಖ ತಿರುಗಿಸಿತು. ಮರುದಿನ ಊರು ಮುಚ್ಚಿದಾಗ ಬೇಕಾದೀತೆಂದು ಕೇಂದ್ರದವರು ಪೆಟ್ಟಿಗೆಯ ಕಂಬದ ಕೆಳಗೆ ಇಟ್ಟಿದ್ದ ಡಬ್ಬಿಯ ಪುಡಿಹಾಲನ್ನು ಕಲಸಿ ಕುಡಿಸಿದೆವು. ನಾಲ್ಕು ಗುಟುಕು ಕುಡಿದದ್ದನ್ನು ಆರು ಗುಟುಕಾಗಿ ಕಕ್ಕಿತು.

ಹುಲಿಗೆಮ್ಮ ಫೋನಿಗೆ ಬಂದಳು. ಅವರನ್ನು ನೀರಲದಿನ್ನಿಯ ದಂಡೆಯಲ್ಲೇ ಪೊಲೀಸರು ತಡೆದಿದ್ದರು. ಬಾಯಿ ಊದಿ ಮಾತು ತೊದಲುತ್ತಿತ್ತು.

"ಮಾವಾ, ಕುಡೀತೇನ್ರಿ?"

"ಸ್ವಲ್ಪ ಕುಡೀತು."

"ಸುಳ್ಳ ಹೇಳಬ್ಯಾಡ್ರಿ. ಅಳೂದು ಫೋನಿನಾಗ ಕೇಳ್ತೈತಿ. ನನಗಿಲ್ಲಿ ಎದಿ ಕಲ್ಲಾಗೈತ್ರಿ. ಹಿಂಡಿ ಹಿಂಡಿ ಗೋಡಿಗೆ ಚೆಲ್ಲಾಕತ್ತೀನಿ. ಆ ಹಾರೂ ಮಷೀನಿಗೆ ಒಂದು ಗಿಂಡಿ ಕಟ್ಟಿ ಕಳಸ್ತೀನಿ ಅಂದ್ರ, ಅದು ಹುಡುಕಾಕ ಅಷ್ಟ ಐತಿ, ಹೊರಾಕಲ್ಲ ಅಂತಾರ."

ಹೊಳೆಯ ಮೇಲೆ ಆ ಯಂತ್ರಗಳು ಹದ್ದಿನ ಹಾಗೆ ಸುತ್ತುತ್ತಿದ್ದವು. ಬಿಳಿ ಅಂಗಿಯ ಮುಳುಗುಗಾರರು ದೋಣಿಯಲ್ಲಿ ಬಂದು, ನೀರಿಗೆ ಇಳಿದು, ಬರಿಗೈಯಲ್ಲಿ ಏಳುತ್ತಿದ್ದರು. ಹರಿಗೋಲುಗಳು ದಂಡೆಯಲ್ಲೇ ಇದ್ದವು. ದಂಡೆಯಿಂದ ಒಂದು ಹೆಜ್ಜೆ ಇಟ್ಟರೆ ಮೊಣಕಾಲುದ್ದದ ನೀರು. ಹುಟ್ಟಿನಿಂದ ಈ ನೀರನ್ನು ದಾರಿಯೆಂದು ತಿಳಿದವನು ನಾನು. ಅದು ಗೋಡೆಯಾದದ್ದನ್ನು ಆ ದಿನ ಕಂಡೆ.

ಗಡ್ಡೆಯವರು ಸುಮ್ಮನೆ ಕೂರಲಿಲ್ಲ. ಕೂಸಿನ ಅಳು ಕೇಳಲಾರದೆ ಒಬ್ಬೊಬ್ಬರೇ ಹೋಗಿ ಪೆಟ್ಟಿಗೆಯ ಮುಂದೆ ನಿಂತು, ಇಲ್ಲಿ ಏನೂ ಬಿದ್ದಿಲ್ಲ ಎಂದರು. ಹಾಗಾದರೆ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಪೆಟ್ಟಿಗೆ ಮತ್ತೆ ಕೇಳಿತು. ಎಲ್ಲರೂ ಮತ್ತೆ ಅದನ್ನೇ ಹೇಳಿದರು. ಗದ್ದೆಪ್ಪ ಕೈಯನ್ನು ಎದೆಯ ಮೇಲಿಟ್ಟು ಹೊಳೆಯ ಆಣೆ ಮಾಡಿ ಹೇಳಿದ, ಮ್ಯಾಲಿಂದ ಕೆಳಗ ಹೋತು ಎಂದು. ಹೇಳಿದಷ್ಟು ಸಲವೂ ಪೆಟ್ಟಿಗೆಯ ಪರದೆಯಲ್ಲಿ ಗಡ್ಡೆಯ ಸುತ್ತ ಎಳೆದಿದ್ದ ಕೆಂಪು ಬಳೆ ಕಿರಿದಾಗುತ್ತ ಬಂತು. ಕಡೆಗೆ ಅದು ನಮ್ಮ ದಂಡೆಯ ಮೇಲೇ ಕೂತಿತು.

ಆ ಹೊತ್ತಿಗೆ ಕೇಂದ್ರದಲ್ಲಿ ನಮ್ಮ ಗಡ್ಡೆಯನ್ನು ನೋಡಿಕೊಳ್ಳುತ್ತಿದ್ದವಳು ಸುನೇತ್ರಾ ಎಂಬ ಹುಡುಗಿ. ಇನ್ನು ನಾನು ಹೇಳುವ ಕೇಂದ್ರದ ಸಂಗತಿಯನ್ನೆಲ್ಲ ಆಮೇಲೆ ಆಕೆಯೇ ಫೋನಿನಲ್ಲಿ ಹೇಳಿದ್ದು. ಹೇಳಲು ಆಕೆಗೂ ಕೇಳಲು ನನಗೂ ಬೇಕಾದಷ್ಟು ಹೊತ್ತು ಸಿಕ್ಕಿತ್ತು.

ಅದು ಕಿಟಕಿ ಇಲ್ಲದ ದೊಡ್ಡ ಕೋಣೆಯಂತೆ. ಗೋಡೆ ತುಂಬ ನಕಾಶೆ, ಅದರ ಮೇಲೆ ಕೆಂಪು ಬಳೆಗಳು. ಒಂದೊಂದು ಬಳೆ ಒಂದೊಂದು ಮುಚ್ಚಿದ ಊರು. ಒಳಗೆ ಕೂತವರಿಗೆ ಬಿಸಿಲು ಮಳೆ ಗೊತ್ತಾಗುವುದಿಲ್ಲ. ಪಾಳಿ ಬದಲಾಗುವವರೆಗೆ ಬಾಗಿಲೂ ತೆರೆಯುವುದಿಲ್ಲ. ಆಕೆಯ ಮೇಲಿನ ಅಧಿಕಾರಿ ವಿಶ್ವಂಭರ ಎನ್ನುವವರು. ಕೆಟ್ಟವರಲ್ಲ. ಆ ಕುರಿ ಕಾಯುವವನು ಸಾಯುವ ಮುಂಚೆ ಆ ಊರನ್ನು ತೆರೆಯಲು ಒಪ್ಪಿಗೆ ಕೊಟ್ಟಿದ್ದವರು ಅವರೇ ಅಂತೆ.

"ಸರ್, ನೀರಿನಲ್ಲಿ ಏನೂ ಸಿಗ್ತಿಲ್ಲ" ಎಂದಳಂತೆ ಸುನೇತ್ರಾ.

"ಹುಡುಕಲಿ. ಊರಿಗೂರೇ ಒಂದೇ ಮಾತು ಹೇಳಿದೆ. ಇಷ್ಟು ಒಳ್ಳೆ ಸಾಕ್ಷಿ ನಮಗೆ ಎಂದೂ ಸಿಕ್ಕಿಲ್ಲ."

"ಒಂದು ಮಗು ಇದೆ ಸರ್. ತಾಯಿ ಆಚೆ ದಡದಲ್ಲಿ."

"ಡಾಕ್ಟರ ಸರ್ಟಿಫಿಕೇಟು ಇದ್ದರೆ ಬಿಡಬಹುದು."

"ಡಾಕ್ಟರು ಗಡ್ಡೆಗೆ ಹೋಗೋ ಹಾಗಿಲ್ವಲ್ಲ ಸರ್."

ಅವರು ಕನ್ನಡಕ ತೆಗೆದು ಒರೆಸಿಕೊಂಡರಂತೆ. "ಮಗೂನ ಪರದೇಲಿ ನೋಡು. ನೋಡಿದ್ದನ್ನ ಡಾಕ್ಟರಿಗೆ ತೋರಿಸು. ಅಷ್ಟು ಮಾಡಬಹುದು."

ಹಾಗೆ ಆಕೆ ನಮ್ಮ ಮನೆಯ ಫೋನಿನ ಪರದೆಗೆ ಬಂದಳು. ಬಗಲಿನ ಕಿಟಕಿಯಿಂದ ಇಳಿಹೊತ್ತಿನ ಬಿಸಿಲು ಬೀಳುತ್ತಿತ್ತು. ಫೋನನ್ನು ಗೂಡಿನಲ್ಲಿ ಆನಿಸಿಟ್ಟು ನಾನು ಮುಂದೆ ಕೂತೆ. ಕೂಸು ಜಂತಿಗೆ ಕಟ್ಟಿದ ಬಟ್ಟೆಯ ತೊಟ್ಟಿಲಲ್ಲಿತ್ತು. ಈಗ ಅಳುತ್ತಿರಲಿಲ್ಲ. ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ದನಿ ತೆಗೆದು ಬಿಡುತ್ತಿತ್ತು. ತುಟಿ ಸಿಪ್ಪೆ ಎದ್ದಿತ್ತು. ಬೆಳಿಗ್ಗೆ ಕಟ್ಟಿದ ಲಂಗೋಟಿ ಇನ್ನೂ ಒಣಗೇ ಇತ್ತು.

"ಅಜ್ಜ, ಮಗೂನ ಸ್ವಲ್ಪ ಬೆಳಕಲ್ಲಿ ತೋರಿಸ್ತೀರಾ" ಎಂದಳು ಸುನೇತ್ರಾ. ನೋಡಿದಳು. ಎಷ್ಟು ಸಲ ಉಚ್ಚೆ ಹೊಯ್ಯಿತು, ನೆತ್ತಿ ತಗ್ಗಾಗಿದೆಯೇ ಎಂದು ಕೇಳಿದಳು. ಕೇಳುತ್ತ ಕೇಳುತ್ತ ಅವಳ ದನಿ ಸಣ್ಣದಾಯಿತು.

ಬಿಸಿಲು ಸರಿದು ಕೂಸಿನ ಕಣ್ಣಿಗೆ ಬಿತ್ತು. "ತೊಟ್ಲ ಕೆಳಗ ತಗೋ, ಮಾರಿಗೆ ಬಿಸಲು ಬೀಳಾಕತ್ತೈತಿ" ಎಂದೆ. ತಾಯಮ್ಮ ಎದ್ದು ಜಂತಿಯ ಮೇಲಿನ ಹಗ್ಗ ಜಗ್ಗಿ ತೊಟ್ಟಿಲನ್ನು ಬಾಗಿಲ ಕಡೆ ಸರಿಸಿದಳು.

ಸುನೇತ್ರಾ ಏನೋ ಹೇಳುತ್ತಿದ್ದವಳು ನಿಲ್ಲಿಸಿದಳು.

"ಅಜ್ಜಿ, ಅಜ್ಜ ಕೆಳಗೆ ಇಳಿಸಿ ಅಂದ್ರಲ್ವಾ? ನೀವು ಪಕ್ಕಕ್ಕೆ ಎಳೆದ್ರಿ."

"ಇಳಸು ಅಂದಿಲ್ಲವ್ವಾ. ಕೆಳಗ ತಗೋ ಅಂದ್ರು, ತಗೊಂಡೆ."

"ಕೆಳಗೆ ಅಂದ್ರೆ ಯಾವ ಕಡೆ?"

ತಾಯಮ್ಮ ನನ್ನ ಮುಖ ನೋಡಿದಳು, ಈ ಹುಡುಗಿಗೆ ತಲೆ ಸರಿಯಿದೆಯೇ ಎಂಬಂತೆ. "ಕೆಳಗ ಅಂದ್ರ ಕೆಳಗ. ಹೊಳಿ ಹೋಗೂ ಕಡೆ."

"ಮೇಲೆ ಅಂದ್ರೆ?"

"ಹೊಳಿ ಬರೂ ಕಡೆ. ಮತ್ತ್ಯಾವುದು?"

"ಮೇಲಿಂದ ನೆಲಕ್ಕೆ ಏನಾದ್ರೂ ಬಿದ್ರೆ ಏನಂತೀರಿ?"

"ತಳಗ ಬಿತ್ತು ಅಂತೀವಿ." ತಾಯಮ್ಮನಿಗೆ ಈಗ ಆ ಹುಡುಗಿಯ ಮೇಲೆ ಕನಿಕರ ಬಂದಿತ್ತು. "ನಿನ್ನ ಊರು ಯಾವುದವ್ವಾ?"

"ಚಿತ್ರದುರ್ಗದ ಕಡೆ ಅಜ್ಜಿ."

"ಹೊಳಿ ಇಲ್ಲೇನು?"

"ಇಲ್ಲ."

"ಪಾಪ. ಮತ್ತ ಕಡೆ ಹ್ಯಾಂಗ ಹೇಳ್ತೀರಿ?"

ಪರದೆಯಲ್ಲಿ ಸುನೇತ್ರಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ನನಗೂ ಅಷ್ಟು ಹೊತ್ತಿಗೆ ತಿಳಿಯಿತು. ನಾವು ಹೊಳೆ ಬರುವ ಯರಗುಂಟಿಯ ಕಡೆಯಿಂದ ಹೊಳೆ ಹೋಗುವ ನೀರಲದಿನ್ನಿಯ ಕಡೆಗೆ ಹೋಯಿತು ಎಂದು ಹೇಳಿದ್ದೆವು. ಪೆಟ್ಟಿಗೆ ಅದನ್ನು ಆಕಾಶದಿಂದ ನಮ್ಮ ಕಾಲಬುಡಕ್ಕೆ ಬಿತ್ತು ಎಂದು ತಿಳಿದಿತ್ತು. ಬಿಡಿಸಿಕೊಳ್ಳಲು ಹೋಗಿ ಹೇಳಿದ ಒಂದೊಂದು ಮಾತೂ ಸರಪಳಿಗೆ ಒಂದೊಂದು ಕೊಂಡಿಯಾಗಿತ್ತು. ನಾನು ಪರದೆಯ ಹತ್ತಿರಕ್ಕೆ ಸರಿದೆ.

"ಹಂಗಾದ್ರ ಈಗ ಬಿಡ್ತೀರೇನವ್ವಾ?"

"ಒಂದು ಸ್ವಲ್ಪ ಇರಿ ಅಜ್ಜ" ಎಂದು ಆಕೆ ಎದ್ದು ಓಡಿದಳು.

ವಿಶ್ವಂಭರ ಅವರು ಮೊದಲು ಒಪ್ಪಲಿಲ್ಲವಂತೆ. "ಒಳಗಿರೋರು ಈಗ ಮಾತಿನ ಅರ್ಥ ಬೇರೆ ಅಂತಾರೆ. ಇದೂ ಮಾತು ಬದಲಿಸಿದ ಹಾಗೇ."

"ಅವರು ಹೇಳಿದ್ದಲ್ಲ ಸರ್, ನಾನು ನೋಡಿದ್ದು. ಆ ಅಜ್ಜಿಗೆ ನಾನು ನೋಡ್ತಿದ್ದೀನಿ ಅನ್ನೋದೇ ನೆನಪಿರ್ಲಿಲ್ಲ. ತೊಟ್ಟಿಲು ಸುಳ್ಳು ಹೇಳುತ್ತಾ?"

"ನಿನ್ನ ಕಣ್ಣಿಗೂ ಆ ಮಗು ಬಿದ್ದಿದೆ. ನೀನೂ ಒಳಗಿನವಳೇ ಆಗಿದ್ದೀಯ." ಅವರು ನಕಾಶೆಯನ್ನು ನೋಡುತ್ತ ನಿಂತರಂತೆ. "ನಾನು ಒಂದು ಸಲ ತೆರೆದು ನೋಡಿದ್ದೇನೆ, ಸುನೇತ್ರಾ. ಮುಚ್ಚಿಲ್ಲದ ಊರಿನವರು ಯಾರಾದರೂ ಹೀಗೆ ಮಾತಾಡ್ತಾರಾ, ಅದನ್ನ ತೋರಿಸು."

ಆಕೆ ಯರಗುಂಟಿಯ ಒಂದು ಮನೆಗೆ ಫೋನು ಹಚ್ಚಿದಳು. ಅದೂ ಹೊಳೆದಂಡೆಯ ಊರು, ಅಲ್ಲಿ ಯಾವ ನಿಷೇಧವೂ ಇರಲಿಲ್ಲ. ಬೆಳಕಿನ ಸುದ್ದಿ ಎತ್ತದೆ, ನಿಮ್ಮೂರಿನ ಗುಡಿ ಎಲ್ಲಿದೆ ಎಂದು ಮಾತ್ರ ಕೇಳಿದಳು.

"ಗುಡಿ ಏನ್ರಿ? ನಮ್ಮ ಮನಿ ಕೆಳಗ ಐತಿ" ಎಂದನಂತೆ ಅತ್ತಲಿನವನು.

ನಕಾಶೆಯಲ್ಲಿ ಆ ಗುಡಿ ಇದ್ದದ್ದು ಗುಡ್ಡದ ನೆತ್ತಿಯ ಮೇಲೆ, ಹೊಳೆ ಹರಿದುಹೋಗುವ ಕಡೆಗೆ. ವಿಶ್ವಂಭರ ಅವರು ಅದನ್ನು ಎರಡು ಸಲ ನೋಡಿ, ಕುರ್ಚಿ ಎಳೆದುಕೊಂಡು ಕೂತು, "ಯಂತ್ರಕ್ಕೆ ಆ ಪದದ ಅರ್ಥ ಸರಿ ಮಾಡು. ಆದರೆ ಮೊದಲು ಹೊಸ ಗೆರೆ ಎಲ್ಲಿ ನಿಲ್ಲುತ್ತೆ ನೋಡು" ಎಂದರು. ಆಕೆ ನೋಡಿದಳು.

ಮತ್ತೆ ನಮ್ಮ ಫೋನಿಗೆ ಬಂದಾಗ ಆಕೆಯ ಮುಖದಲ್ಲಿ ಗೆಲುವಿರಲಿಲ್ಲ.

"ಅಜ್ಜ, ಅರ್ಥ ಸರಿ ಮಾಡಿದ ಕೂಡಲೇ ನಿಮ್ಮ ಗಡ್ಡೆ ತೆರೆಯುತ್ತೆ. ಆದರೆ ಗಡಿಗೆ ಎಲ್ಲೋ ಬಿದ್ದಿರಲೇಬೇಕಲ್ಲ. ನೀವು ಹೇಳಿದ ಹಾಗೇ ಗೆರೆ ಎಳೆದರೆ ಅದು ನೀರಲದಿನ್ನಿ ಪಕ್ಕದ ಹತ್ತಿ ಹೊಲಗಳ ಮೇಲೆ ನಿಲ್ಲುತ್ತೆ. ಆ ಊರನ್ನ ಮುಚ್ಚಬೇಕಾಗುತ್ತೆ."

"ಅಲ್ಲೇ ನನ್ನ ಸೊಸಿ ಅದಾಳ."

"ಗೊತ್ತು ಅಜ್ಜ."

"ಅಕಿ ಇಲ್ಲಿಗೆ ಬಂದ ಮ್ಯಾಲೆ ಮುಚ್ಚಿದ್ರ ಆಗಂಗಿಲ್ಲೇನು?"

ಆಕೆ ತಡೆದು ತಡೆದು ಹೇಳಿದಳು. "ಅಲ್ಲಿ ಹತ್ತಿ ಬಿಡಿಸೋ ಕಾಲ. ಹೆಂಗಸರು ಮಕ್ಕಳು ಎಲ್ಲ ಹೊಲದಲ್ಲೇ ಇದ್ದಾರೆ. ಅವರಲ್ಲಿ ಯಾರ ಕಾಲಿಗಾದರೂ ಅದು ಎಡವಿದರೆ..."

ಮುಂದಿನದನ್ನು ಹೇಳಬೇಕಾಗಿರಲಿಲ್ಲ. ನೀರಲದಿನ್ನಿಯಿಂದ ನಮ್ಮ ಗಡ್ಡೆಗೆ ಹೊಳೆಯ ಎದುರಿಗೆ ಹುಟ್ಟು ಹಾಕಿ ಬರಲು, ಅಮರಪ್ಪನಂಥವನಿಗೂ ಮೂರು ತಾಸು ಬೇಕು. ಅಷ್ಟು ಹೊತ್ತು ಅವರನ್ನೆಲ್ಲ ಆ ಹೊಲದಲ್ಲಿ ಬಿಟ್ಟು ನಮ್ಮ ಕೂಸನ್ನು ನೋಡಿಕೊಳ್ಳಿ ಎಂದು ಯಾವ ಬಾಯಲ್ಲಿ ಕೇಳುವುದು?

"ನೀ ಸರಿ ಮಾಡಿದ ಮ್ಯಾಲೆ ಆ ಊರು ಮುಚ್ಚಾಕ ಎಷ್ಟೊತ್ತು ಹಿಡೀತೈತಿ?" ಎಂದೆ.

"ಹೊಲದಲ್ಲಿರೋರನ್ನ ಈಗಲೇ ಸೈರನ್ ಹಾಕಿ ಒಳಗೆ ಕರೀತಾರೆ. ಪೊಲೀಸರು ಬಂದು ಎಲ್ಲ ದಾರಿ ಕಟ್ಟೋಕೆ ಒಂದು ಗಂಟೆ ಆಗಬಹುದು."

"ಅಷ್ಟರಾಗ ಅವರು ಮ್ಯಾಲಕ ಬರಾಕ ಆಗಂಗಿಲ್ಲ. ನಾವು ಕೆಳಗ ಹೋಗಾಕ ಆಕೈತಿ."

ಆಕೆಗೆ ಈಗ ಆ ಮಾತುಗಳ ಅರ್ಥ ಹೇಳಬೇಕಿರಲಿಲ್ಲ. "ಹೋದರೆ ವಾಪಸ್ ಬರೋಕಾಗಲ್ಲ ಅಜ್ಜ. ಅಲ್ಲೇ ಸಿಕ್ಕಿಕೊಳ್ತೀರಿ. ಎಷ್ಟು ದಿನ ಅಂತ ನನಗೂ ಗೊತ್ತಿಲ್ಲ. ಹೊಲದಲ್ಲಿ ಹುಡುಕೋದು ನೀರಿಗಿಂತ ಕಷ್ಟ."

ನಾನು ಯೋಚಿಸುತ್ತಿದ್ದೆ. ತಾಯಮ್ಮ ಆಗಲೇ ಕೂಸನ್ನು ತೊಟ್ಟಿಲಿನಿಂದ ಎತ್ತಿ ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

"ಕೇಳ್ಕೋತ ಕುಂದರ್ತೀರೇನು? ಹುಟ್ಟು ತಗೋರಿ."

"ನೀ ಎಲ್ಲಿಗೆ?"

"ಹುಟ್ಟೂ ನೀವ ಹಾಕಿ, ಕೂಸೂ ನೀವ ಹಿಡೀತೀರೇನು? ಎಷ್ಟು ಕೈ ಅದಾವು ನಿಮಗ?"

ದಂಡೆಗೆ ಹೋಗುವಷ್ಟರಲ್ಲಿ ಸರಪಳಿಗಳು ಬಿಚ್ಚಿದವು. ಪೆಟ್ಟಿಗೆ ಹಸಿರಾಯಿತು. ಮನೆಗಳಿಂದ ಜನ ಹೊರಗೆ ಬಂದರು. ಯಾರೋ ನೀರಿಗೆ ಇಳಿದು ಸುಮ್ಮನೆ ಮುಖ ತೊಳೆದುಕೊಂಡರು. ನಾನು ಹರಿಗೋಲನ್ನು ನೂಕುವುದನ್ನು ಕಂಡು ಗದ್ದೆಪ್ಪ ಬಂದ. ಎಲ್ಲ ಕೇಳಿದ.

"ಬಿಡಿಸ್ಕೊಂಡ ದಿನಾನ ಮತ್ತ ಬೋನಿಗೆ ಬೀಳಾಕ ಹೊಂಟೀಯೇನು ಕಾಕಾ? ಕೊಡು ಇಲ್ಲೆ ಹುಟ್ಟು. ನಾ ಒಯ್ತೀನಿ."

"ನಿಮ್ಮವ್ವ ಹಾಸಿಗಿ ಹಿಡದು ವರ್ಷಾತು. ನೀ ಅಲ್ಲೆ ಸಿಕ್ಕೊಂಡ್ರ ಅಕಿಗೆ ಯಾರು?"

ಗದ್ದೆಪ್ಪ ಹರಿಗೋಲಿಗೆ ಎದೆ ಕೊಟ್ಟು, ಸೊಂಟದವರೆಗೆ ನೀರಿಗೆ ಬಂದು, ಸೆಳವಿನ ಬಾಯಿಗೆ ನಮ್ಮನ್ನು ನೂಕಿ ನಿಂತ.

ಸೆಳವಿನೊಳಗೆ ಹೋಗುವಾಗ ಹುಟ್ಟಿಗೆ ಕೆಲಸ ಕಡಿಮೆ. ಹರಿಗೋಲು ತಿರುಗದ ಹಾಗೆ ನೋಡಿಕೊಂಡರೆ ಸಾಕು, ಹೊಳೆಯೇ ಒಯ್ಯುತ್ತದೆ. ಹಾಗಿದ್ದರೂ ಕಲ್ಲುಗಳಿದ್ದಲ್ಲಿ ನನ್ನ ರಟ್ಟೆಯ ಕಸುವು ಸಾಲದೆ ಎರಡು ಸಲ ಸುತ್ತು ತಿರುಗಿದೆವು. ತಾಯಮ್ಮ ಕೂಸಿನ ಬಾಯಿಗೆ ತನ್ನ ಬೆರಳನ್ನು ಕೊಟ್ಟು ಕೂತಿದ್ದಳು. "ಚೀಪಾಕತ್ತಿಲ್ಲ" ಎಂದಳು ಒಮ್ಮೆ. ಮತ್ತೆ ಏನೂ ಹೇಳಲಿಲ್ಲ. ನಾನು ಹಿಂದಕ್ಕೆ ನೋಡಿದೆ. ಗಡ್ಡೆ ಸಣ್ಣದಾಗುತ್ತಿತ್ತು. ಅದರ ಸುತ್ತಲಿನ ನೀರು ಈಗ ಎಲ್ಲರಿಗೂ ದಾರಿ.

ನೀರಲದಿನ್ನಿಯ ದಂಡೆ ಕಂಡಾಗಲೇ ಸೈರನ್ ಕೂಗುತ್ತಿತ್ತು. ಹತ್ತಿಯ ಚೀಲಗಳನ್ನು ಹೊಲದಲ್ಲೇ ಬಿಟ್ಟು ಹೆಂಗಸರು ಊರಿನ ಕಡೆ ಓಡುತ್ತಿದ್ದರು. ಮೆಟ್ಟಿಲ ಮೇಲೆ ಹರೆಯದ ಪೊಲೀಸನೊಬ್ಬ ಎರಡೂ ಕೈ ಎತ್ತಿ ನಿಂತಿದ್ದ.

"ಅಜ್ಜಾ, ಹಿಂದಕ್ಕ ಹೊಳ್ರಿ. ಇದು ಮುಚ್ಚಾಕತ್ತೈತಿ."

"ಹಿಂದಕ್ಕ ಹೊಳ್ಳಾಕ ಇದಕ್ಕ ಇಂಜಿನ್ ಇಲ್ಲಪಾ" ಎಂದೆ.

ಅವನ ತೋಳಿನ ಕೆಳಗೆ ನುಸುಳಿ ಹುಲಿಗೆಮ್ಮ ನೀರಿಗೆ ಇಳಿದಳು. ಒಂದು ಕೆನ್ನೆ ಊದಿ ಕಣ್ಣು ಸಣ್ಣದಾಗಿತ್ತು. ಕುಪ್ಪಸದ ಎದೆಯ ಮೇಲೆ ಹಾಲಿನ ಕಲೆ ಒಣಗಿ ಗಟ್ಟಿಯಾಗಿತ್ತು. ಎದೆಮಟ್ಟದ ನೀರಿನಲ್ಲಿ ಹರಿಗೋಲಿನ ಅಂಚಿಗೆ ಬಂದು ಎರಡೂ ಕೈ ಚಾಚಿದಳು. ತಾಯಮ್ಮ ಕೂಸನ್ನು ಕೊಟ್ಟಳು. ಹಿಂದಿನಿಂದ ಅಮರಪ್ಪ ಬಂದು ಅವಳನ್ನು ಹಿಡಿದುಕೊಂಡ. ನಾನು ಹರಿಗೋಲನ್ನು ದಂಡೆಗೆ ತಂದು ಕಟ್ಟಿದೆ. ಕೈ ತೆಗೆಯುವಷ್ಟರಲ್ಲಿ ಆ ಸರಪಳಿ ಬಿಗಿದುಕೊಂಡಿತು.

ಮೆಟ್ಟಿಲ ಮೇಲೆ ಜನ ಸೇರಿದ್ದರು. ಸುದ್ದಿ ನಮಗಿಂತ ಮೊದಲೇ ಬಂದಿತ್ತು.

"ಸಾಕ್ಷಿ ಹೇಳಿದೋರು ಇವರೇನು?" ಎಂದು ಒಬ್ಬ ಕೇಳಿದ. "ಇವರ ಮಾತಿಗೆ ನಮ್ಮೂರು ಮುಚ್ಚಿದ್ರು ನೋಡ್ರಿ. ಹತ್ತಿ ಹೊಲದಾಗ ಉಳೀತು."

"ನಿಮ್ಮೂರಿನ ಮ್ಯಾಲೂ ಹಾದು ಹೋತಲ್ಲ. ನೀವ್ಯಾರೂ ಕಂಡಿಲ್ಲೇನು?" ಎಂದೆ.

ಹಲ್ಲಿನ ಡಾಕ್ಟರೂ ಅಲ್ಲೇ ಇದ್ದರು, ಬಿಳಿ ಕೋಟಿನಲ್ಲಿ. ನೆಲ ನೋಡುತ್ತ ಅವರೇ ಹೇಳಿದರು. "ಕಾಣದೇ ಏನು ಯಜಮಾನ್ರ. ಎಲ್ಲಾರೂ ಕಂಡ್ವಿ. ಹೇಳಿದವರ ಊರು ಮುಚ್ತಾರ ಅಂತ ಎಲ್ಲಾರಿಗೂ ಗೊತ್ತೈತಲ್ಲ. ಬಾಯಿ ಮುಚ್ಕೊಂಡು ಮನಿಗೆ ಹೋದ್ವಿ."

ಅವರ ಪಕ್ಕದಲ್ಲಿ ಹೊಲದಿಂದ ಓಡಿ ಬಂದ ಹೆಂಗಸೊಬ್ಬಳು ತನ್ನ ಹುಡುಗಿಯ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು, ಏನನ್ನಾದರೂ ಮುಟ್ಟಿದ್ದೀಯಾ ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ಹತ್ತಿಯ ಮಾತಾಡಿದ್ದವನು ಅವಳನ್ನು ನೋಡಿ ಪಕ್ಕಕ್ಕೆ ಸರಿದು ನಮಗೆ ದಾರಿ ಬಿಟ್ಟ.

ನಮ್ಮನ್ನು ಶಾಲೆಯ ಕೋಣೆಗೆ ಕಳಿಸಿದರು. ಹುಲಿಗೆಮ್ಮ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ನಾನು ಅವಳ ಕಡೆ ಬೆನ್ನು ಹಾಕಿ ಬಾಗಿಲಲ್ಲಿ ಕೂತೆ. ಒಳಗೆ ತಾಯಮ್ಮನ ಪಿಸುಮಾತು ಕೇಳುತ್ತಿತ್ತು. ಕೂಸು ಬಾಯಿ ಹಾಕುತ್ತಿರಲಿಲ್ಲ.

"ಮಾರಿ ತಿರುವತೈತ್ರಿ ಅತ್ತಿ" ಎಂದಳು ಹುಲಿಗೆಮ್ಮ. "ನನ್ನ ಮರತೈತಿ."

"ಬಾಯಿ ಒಣಗೈತಿ, ಮರತಿಲ್ಲ. ಮೊದ್ಲು ತುಟಿಗೆ ಹಿಂಡು. ಹನಿ ಹನಿ. ಅವಸರ ಮಾಡಬ್ಯಾಡ."

ಹೊರಗೆ ಪೊಲೀಸರು ರಸ್ತೆಗೆ ಅಡ್ಡಲಾಗಿ ಕಬ್ಬಿಣದ ಗೇಟು ಎಳೆಯುತ್ತಿದ್ದರು. ಗೇಟಿನ ಆಚೆ ಒಂದು ಬಸ್ಸು ನಿಂತು, ಹಿಂದಕ್ಕೆ ಸರಿದು, ಬಂದ ದಾರಿಯಲ್ಲೇ ಹೋಯಿತು. ಬಿಳಿ ಅಂಗಿಯವರು ಹತ್ತಿ ಹೊಲದ ಅಂಚಿನಲ್ಲಿ ಸಾಲಾಗಿ ನಿಂತು ಒಂದೊಂದೇ ಹೆಜ್ಜೆ ಒಳಗೆ ಇಡುತ್ತಿದ್ದರು. ಹೊಲ ಕಣ್ಣು ಮುಟ್ಟುವವರೆಗೂ ಇತ್ತು.

ಅಮರಪ್ಪ ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ. ಗೇಟನ್ನೇ ನೋಡುತ್ತಿದ್ದ.

"ಯಪ್ಪಾ, ಎಷ್ಟು ದಿನಾ ಆಗ್ತೈತಂತ? ಆ ಮೇಡಂ ಏನರ ಹೇಳಿದ್ಲೇನು? ಗಡ್ಡ್ಯಾಗ ಇದ್ದಿದ್ರ ನೀವಿಬ್ರರ ಆರಾಮ..."

ನಾನು ಕೈ ಎತ್ತಿ ಅವನನ್ನು ತಡೆದೆ. ಬೆನ್ನ ಹಿಂದೆ ಒಂದು ಗುಟುಕು ನುಂಗಿದ ಸಪ್ಪಳ ಕೇಳಿತ್ತು. ಕಿವಿಗೊಟ್ಟು ಕಾದೆ. ಇನ್ನೊಂದು ಕೇಳಿತು.

"ದನಿ ಸಣ್ಣ ಮಾಡು" ಎಂದೆ. "ಕುಡಿಯಾಕತ್ತೈತಿ."